ತನ್ನ ಊರಿನ ವಜ್ರ ಬಿಟ್ಟುಕೊಟ್ಟ ಅರಸು: ಬೋಟ್ಸ್ವಾನಾ ಬಗ್ಗೆ ಒಂದಿಷ್ಟು ಮಾತು

ದೂರದ ಬೆಟ್ಟ:

ಸಣ್ಣ ದೇಶ, ದೊಡ್ಡ ನಾಯಕ ಅಂದ ಕೂಡಲೇ ನಮ್ಮವರ ಬಾಯಿಗೆ ಬರುವುದು ಸಿಂಗಪುರ. ತಕರಾರಿಲ್ಲ. ಆದರೆ ನಾನು ಹನ್ನೊಂದು ವರ್ಷ ಬೋಟ್ಸ್ವಾನಾದಲ್ಲಿ ಲೆಕ್ಕಪತ್ರ ತಿದ್ದಿಕೊಂಡು ಅನ್ನ ತಿಂದವನು. ಸಿಂಗಪುರ ಕಟ್ಟಿದ ಲೀ ಕ್ವಾನ್ ಯೂ ಹೆಸರು ಕೇಳಿದಾಗಲೆಲ್ಲ ನಾಲಿಗೆ ತುದಿಗೆ ಇನ್ನೊಂದು ಹೆಸರು ಬಂದು ನಿಲ್ಲುತ್ತೆ: ಬೋಟ್ಸ್ವಾನಾದ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ.

ದೇಶದ ಪರಿಚಯ ಇಲ್ಲದವರಿಗೆ ಎರಡು ಮಾತು. ದಕ್ಷಿಣ ಆಫ್ರಿಕಾದ ನೆತ್ತಿಯ ಮೇಲೆ ಕೂತಿರೋ ದೇಶ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮೂರರಷ್ಟು, ಜನ ಮಾತ್ರ ಇವತ್ತಿಗೂ ಸುಮಾರು 25 ಲಕ್ಷ. ಮೈಸೂರು ಜಿಲ್ಲೆ ಒಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಉಳಿದದ್ದೆಲ್ಲ ಕಲಹಾರಿಯ ಮರಳು, ಮುಳ್ಳಿನ ಪೊದೆ, ದನ. ರಾಜಧಾನಿಯನ್ನು ನಾವು ಗ್ಯಾಬೊರೋನ್ ಅಂತ ಓದ್ತೀವಿ. ಅಲ್ಲಿಯವರು ಗಂಟಲಿನಿಂದ ಹೊರಡಿಸುವುದು ‘ಹಾಬೊರೋನೆ’. ನನಗೆ ಆ ‘ಹ’ ಸರಿಯಾಗಿ ಬರಲು ಎರಡು ವರ್ಷ ಹಿಡಿಯಿತು.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರು ಬಿಟ್ಟು ಹೋದಾಗ ಅಲ್ಲಿ ಏನಿತ್ತು? ಬರ ಇತ್ತು. ವರ್ಷಗಟ್ಟಲೆ ಮಳೆಯಿಲ್ಲದೆ ದನ ಸತ್ತು, ಜನ ಪರಿಹಾರದ ಕಾಳಿನ ಮೇಲೆ ಜೀವ ಹಿಡಿದಿದ್ದರು. ಡಾಂಬರು ರಸ್ತೆ ಇಡೀ ದೇಶಕ್ಕೆ 12 ಕಿಲೋಮೀಟರ್. ಪದವೀಧರರು 22 ಮಂದಿ. ಸರ್ಕಾರದ ಖರ್ಚಿನಲ್ಲಿ ಅರ್ಧದಷ್ಟು ಲಂಡನ್ನಿನಿಂದ ಬರಬೇಕಿತ್ತು. ಇನ್ನೊಂದು ತಮಾಷೆ ಕೇಳಿ. ಬ್ರಿಟಿಷರು ಈ ನಾಡನ್ನು ಆಳುತ್ತಿದ್ದದ್ದು ಮಾಫೆಕಿಂಗ್ ಎಂಬ ಊರಿನಿಂದ. ಆ ಊರು ಇದ್ದದ್ದು ದಕ್ಷಿಣ ಆಫ್ರಿಕಾದೊಳಗೆ! ತನ್ನ ರಾಜಧಾನಿ ತನ್ನ ಗಡಿಯೊಳಗೇ ಇಲ್ಲದ ನಾಡು. ಗ್ಯಾಬೊರೋನ್ ಅನ್ನು ಸ್ವಾತಂತ್ರ್ಯಕ್ಕೆ ಎರಡು ವರ್ಷ ಇರುವಾಗ ಅವಸರವಾಗಿ ಕಟ್ಟಲು ಶುರು ಮಾಡಿದ್ದು.

ಇಂಥ ದೇಶ ಮುಂದಿನ ಮೂರು ದಶಕ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ದೇಶಗಳಲ್ಲಿ ಒಂದಾಯಿತು. ವಿಶ್ವಸಂಸ್ಥೆಯ ‘ಅತಿ ಹಿಂದುಳಿದ ದೇಶ’ಗಳ ಪಟ್ಟಿಯಿಂದ ಮೊದಲು ಹೊರಬಿದ್ದದ್ದು ಇದೇ, 1994ರಲ್ಲಿ. ಕಾರಣ ಕೇಳಿದರೆ ಎಲ್ಲರೂ ‘ವಜ್ರ’ ಅಂದು ಸುಮ್ಮನಾಗ್ತಾರೆ. ವಜ್ರ ಸಿಯೆರಾ ಲಿಯೋನಿನಲ್ಲೂ ಸಿಕ್ಕಿತು, ಅಂಗೋಲಾದಲ್ಲೂ ಸಿಕ್ಕಿತು. ಅಲ್ಲಿ ಏನಾಯಿತು ಅಂತ ಗೊತ್ತಿದೆಯಲ್ಲ.

ನಾನು ಹೇಳಬೇಕೆಂದದ್ದು ಒಂದೇ ಸಂಗತಿ. ಖಾಮಾ ಬಾಂಗ್ವಾಟೊ ಬುಡಕಟ್ಟಿನ ಅರಸು ಮನೆತನದವನು. ಆ ಕಾಲದಲ್ಲಿ ನೆಲದಡಿ ಸಿಕ್ಕ ಖನಿಜ ಆಯಾ ಬುಡಕಟ್ಟಿನ ಸ್ವತ್ತು. 1967ರಲ್ಲಿ ಅವನ ಸರ್ಕಾರ ಒಂದು ಕಾಯಿದೆ ತಂದು, ಬುಡಕಟ್ಟುಗಳನ್ನು ಒಪ್ಪಿಸಿ ಆ ಹಕ್ಕನ್ನು ದೇಶದ ಬೊಕ್ಕಸಕ್ಕೆ ಬರೆಸಿಕೊಂಡಿತು. ವಜ್ರ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತಾ? ಒರಾಪಾದಲ್ಲಿ, ಅವನದೇ ಬಾಂಗ್ವಾಟೊ ನೆಲದಲ್ಲಿ.

ಟ್ಯಾಂಪಿನೀಸ್ ತಿಮ್ಮ:

ಬೆಟ್ಟ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಹೋಲಿಕೆ ಸರಿ ಹೋಗಲ್ಲ. ನೆಲ ಅಗೆದರೆ ವಜ್ರ ಬರೋ ದೇಶಕ್ಕೂ, ಕುಡಿಯೋ ನೀರನ್ನೂ ಪಕ್ಕದ ಜೊಹೊರಿನಿಂದ ಕೊಳವೆಯಲ್ಲಿ ತರಿಸಬೇಕಾದ ದೇಶಕ್ಕೂ ಎತ್ತಣಿಂದೆತ್ತ ಸಂಬಂಧ? ನಾನಿರೋದು ಸಿಂಗಪುರದ ಸರ್ಕಾರಿ ಫ್ಲ್ಯಾಟಿನಲ್ಲಿ. ಇಲ್ಲಿಯ ನಿವಾಸಿಗಳಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಜನ ಹೀಗೇ ಇರೋದು. ಅದನ್ನು ಮನುಷ್ಯರು ಕಟ್ಟಿದ್ದು, ನೆಲ ಕೊಟ್ಟದ್ದಲ್ಲ.

ದೂರದ ಬೆಟ್ಟ:

ತಿಮ್ಮಣ್ಣ, ಒಪ್ಪಿದೆ. ಆದರೆ ಸಿಂಗಪುರಕ್ಕೂ ಪಿತ್ರಾರ್ಜಿತ ಇತ್ತು. 1819ರಿಂದ ನಡೆದುಬಂದ ಬಂದರು ಇತ್ತು. ನಿಮ್ಮ ಫ್ಲ್ಯಾಟಿನ ಕಂತು ಕಟ್ಟುವ ಸಿಪಿಎಫ್ (ಸಿಂಗಪುರದ ಭವಿಷ್ಯನಿಧಿ) ಬ್ರಿಟಿಷರ ಕಾಲದ್ದು, 1955. ಲಂಚ ಹಿಡಿಯುವ ಇಲಾಖೆ 1952ರದ್ದು. ಲೀ ಅದಕ್ಕೆ ಹಲ್ಲು ಕೊಟ್ಟ, ನಿಜ. ಬೋಟ್ಸ್ವಾನಾದಲ್ಲಿ ಕಚ್ಚುವ ಮಾತು ಹಾಗಿರಲಿ, ಬಾಯಿಯೇ ಇರಲಿಲ್ಲ.

ಬಯಲುಸೀಮೆ ಬಸ್ಯಾ:

ಅಣ್ಣಾರ, ಓದಿ ಹೊಟ್ಟಿ ಉರೀತು. ನಮ್ಮ ಸಂಡೂರು ಕಡೆ ನೆಲದಾಗ ಅದಿರು ಸಿಕ್ಕು ಏನಾತು ಅಂತ ನಾ ಹೇಳಬೇಕಾಗಿಲ್ಲ, ಕೆಂಪು ಧೂಳು ನಮ್ಮನಿ ಹಂಚಿನ ಮ್ಯಾಲ ಇನ್ನೂ ಕುಂತೈತಿ. ಒಂದ ಮಾತು ಕೇಳ್ತೀನ್ರಿ. ರಾಜಾನ ಮಗಾ ತನ್ನ ಊರಾಗಿನ ವಜ್ರ ಬ್ಯಾರೆ ಊರವರ ಜೋಡಿ ಹಂಚಕೊಂತೀನಿ ಅಂದ್ರ ಅವನ ಮಂದಿ ಸುಮ್ನ ಬಿಟ್ರೇನು? ನಮ್ ಕಡಿ ಎರಡು ಹಳ್ಳಿ ನಡುವ ಕೆರಿ ನೀರು ಹಂಚಾಕ ಹೋದ್ರ ಬಡಗಿ ಹೊರಗ ಬರ್ತಾವ.

ದೂರದ ಬೆಟ್ಟ:

ಬಸಣ್ಣ, ಒಳ್ಳೇ ಪ್ರಶ್ನೆ. ಉತ್ತರ ಬೇಕಾದರೆ ಅವನ ಮದುವೆಯ ಕಥೆಗೆ ಹೋಗಬೇಕು. ಸ್ವಲ್ಪ ಉದ್ದ ಆಗುತ್ತೆ.

ಸೆರೆತ್ಸೆ ಹುಟ್ಟಿದ್ದು 1921ರಲ್ಲಿ, ಸೆರೊವೆಯಲ್ಲಿ. ನಾಲ್ಕು ವರ್ಷದವನಿದ್ದಾಗಲೇ ಅಪ್ಪ ತೀರಿಕೊಂಡ. ಚಿಕ್ಕಪ್ಪ ತ್ಸೆಕೆಡಿ ಹುಡುಗನ ಪರವಾಗಿ ಆಳಿದ, ಓದಿಸಿದ, ಕಾನೂನು ಕಲಿಯಲು ಇಂಗ್ಲೆಂಡಿಗೆ ಕಳಿಸಿದ. ಅಲ್ಲಿ ಈತ ರೂತ್ ವಿಲಿಯಮ್ಸ್ ಎಂಬ ಬಿಳಿ ಹುಡುಗಿಯನ್ನು 1948ರಲ್ಲಿ ಮದುವೆಯಾದ. ಚಿಕ್ಕಪ್ಪ ಕಿಡಿಕಿಡಿ. ಸೆರೊವೆಯ ಖೋತ್ಲಾದಲ್ಲಿ ಸಭೆ ಸೇರಿತು. ಖೋತ್ಲಾ ಅಂದರೆ ನಮ್ಮ ಅರಳಿಕಟ್ಟೆ ಪಂಚಾಯ್ತಿ ಇದ್ದ ಹಾಗೆ. ಅರಸು ಕೂತಿರ್ತಾನೆ, ಊರ ಗಂಡಸರು ಸುತ್ತ ಕೂತು ಮಾತಾಡ್ತಾರೆ, ಅರಸನ ಎದುರೇ ಅರಸನನ್ನು ಬೈಯಬಹುದು. ‘ಖೋಸಿ ಕೆ ಖೋಸಿ ಕಾ ಬಾತೊ’ ಅನ್ನೋದು ಅವರ ಗಾದೆ. ಜನ ಇದ್ದರೆ ಅರಸ ಅರಸ ಅಂತ ಅರ್ಥ. ಮೊದಲ ಎರಡು ಸಭೆಯಲ್ಲಿ ಜನ ಮದುವೆ ಬೇಡವೆಂದರು. 1949ರ ಮೂರನೆಯ ಸಭೆಯಲ್ಲಿ ಸಾವಿರಾರು ಜನ ಎದ್ದು ನಿಂತು ಅವನೂ ಬೇಕು, ಅವಳೂ ಇರಲಿ ಅಂದರು.

ಊರು ಒಪ್ಪಿತು, ಲಂಡನ್ ಒಪ್ಪಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಬಿಳಿ-ಕರಿ ಮದುವೆಯೇ ಅಪರಾಧ ಅಂತ 1949ರಲ್ಲಿ ಕಾನೂನಾಗಿತ್ತು. ಅವರ ಚಿನ್ನ, ಯುರೇನಿಯಂ ಬ್ರಿಟನ್ನಿಗೆ ಬೇಕಿತ್ತು. ವಿಚಾರಣೆಗೆ ಕೂರಿಸಿದ ಆಯೋಗ ಈತ ಆಳಲು ಎಲ್ಲ ರೀತಿಯಲ್ಲೂ ಯೋಗ್ಯ, ಅಡ್ಡಿಯಿರುವುದು ಈ ಮದುವೆಯಿಂದ ನೆರೆಯವರಿಗೆ ಆಗುವ ಸಿಟ್ಟು ಒಂದೇ ಎಂಬ ಅರ್ಥದಲ್ಲಿ ಬರೆಯಿತು. ಆ ವರದಿಯನ್ನು ದಶಕಗಳ ಕಾಲ ಬಚ್ಚಿಟ್ಟರು. ಮಾತುಕತೆಗೆ ಅಂತ ಲಂಡನ್ನಿಗೆ ಕರೆಸಿ ವಾಪಸು ಹೋಗಬೇಡ ಅಂದರು. 1956ರಲ್ಲಿ ಸಿಂಹಾಸನ ತನಗೆ ಬೇಡ ಅಂತ ಬರೆದುಕೊಟ್ಟ ಮೇಲೆಯೇ ಊರಿಗೆ ಬಿಟ್ಟದ್ದು. ಬಂದ, ದನ ಸಾಕಿದ, ಅದರಲ್ಲಿ ಅಷ್ಟೇನೂ ಗೆಲ್ಲಲಿಲ್ಲ. 1962ರಲ್ಲಿ ಪಕ್ಷ ಕಟ್ಟಿದ. 1965ರ ಚುನಾವಣೆಯಲ್ಲಿ 31ರಲ್ಲಿ 28 ಸೀಟು.

ಈಗ ನಿಮ್ಮ ಪ್ರಶ್ನೆ. ಅವನ ಮಂದಿ ಯಾಕೆ ಸುಮ್ಮನಿದ್ದರು? ಕಾನೂನಿನ ಪ್ರಕಾರ ಅವನು ಅರಸನಲ್ಲ, ಜನರ ಮನಸ್ಸಿನಲ್ಲಿ ಅವನೇ ಅರಸ. ಕುರ್ಚಿ ಬಿಟ್ಟವನು ಕೇಳಿದಾಗ ಇಲ್ಲ ಅನ್ನೋದು ಕಷ್ಟ. ಹೊರಗಿನವನೊಬ್ಬ ಬಾಂಗ್ವಾಟೊಗಳ ಹತ್ತಿರ ಹೋಗಿ ನಿಮ್ಮ ನೆಲದ ಖನಿಜ ಕೊಡಿ ಅಂದಿದ್ದರೆ ನಿಮ್ಮ ಬಡಿಗೆಗಳು ಅಲ್ಲೂ ಹೊರಗೆ ಬರುತ್ತಿದ್ದವು. ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಬುಡಕಟ್ಟು ಅವರದು, ನೆಲವೂ ಅವರದೇ ಹೆಚ್ಚು.

ಸಂಶಯದ ಸಂಪಿಗೆ:

ಕಥೆ ಸೊಗಸಾಗಿದೆ. ಸೊಗಸಾಗಿರುವುದರಿಂದಲೇ ನನಗೆ ಅನುಮಾನ. ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ‘ಒಬ್ಬ ಮಹಾಪುರುಷ ಬಂದ, ದೇಶ ಉದ್ಧಾರವಾಯಿತು’ ಎಂಬ ಉತ್ತರವನ್ನು ವಿದ್ಯಾರ್ಥಿಗಳು ಬರೆದರೆ ಅಂಕ ಕೊಡುವುದಿಲ್ಲ.

ಮೊದಲನೆಯದಾಗಿ ದಿನಾಂಕ. ಒರಾಪಾ ಸಿಕ್ಕಿದ್ದು 1967ರಲ್ಲಿ. ಖನಿಜ ದೇಶದ್ದಾಗಬೇಕು ಎಂಬುದು ಅದಕ್ಕೂ ಮುಂಚೆ, 1965ರ ಚುನಾವಣೆಯ ಹೊತ್ತಿಗೇ ಖಾಮಾ ಪಕ್ಷದ ಮಾತಾಗಿತ್ತು. ಅಂದರೆ ಮಡಿಲಲ್ಲಿ ವಜ್ರ ಇಟ್ಟುಕೊಂಡು ದಾನ ಮಾಡಿದ ಕರ್ಣನ ಚಿತ್ರ ಸರಿಯಲ್ಲ. ಎಷ್ಟಿದೆ, ಏನಿದೆ ಎಂದು ತಿಳಿಯದೇ ಬಿಟ್ಟುಕೊಡುವುದು ಸುಲಭ.

ಎರಡನೆಯದು, ಲೆಕ್ಕ ಬರೆದವರು ಯಾರು? ಕ್ವೆಟ್ ಮಸೀರೆ. ಕಾನ್ಯೆಯ ಮೇಷ್ಟ್ರು, ಆಮೇಲೆ ಮಾದರಿ ರೈತ, ಆಮೇಲೆ 1966ರಿಂದ 1980ರವರೆಗೆ ಉಪಾಧ್ಯಕ್ಷ, ಜೊತೆಗೆ ಹಣಕಾಸು. ಖಾಮಾ 1980ರಲ್ಲಿ ತೀರಿಕೊಂಡ ಮೇಲೆ ಹದಿನೆಂಟು ವರ್ಷ ದೇಶ ನಡೆಸಿದ್ದು ಅವರೇ. ಜ್ವಾನೆಂಗ್ ಗಣಿ ತೆರೆದದ್ದು 1982ರಲ್ಲಿ, ಮಸೀರೆ ಕಾಲದಲ್ಲಿ. ನಿಜವಾದ ದುಡ್ಡು ಬಂದದ್ದು ಅಲ್ಲಿಂದ. ವಿಮಾನ ನಿಲ್ದಾಣಕ್ಕೆ ಹೆಸರು ಮಾತ್ರ ಖಾಮಾರದು.

ಬಯಲುಸೀಮೆ ಬಸ್ಯಾ:

ಮೇಡಮ್ಮಾರು ಬಂದ್ರು. ಬೆಟ್ಟಣ್ಣಾರ, ಇನ್ನ ನೀವು ಉಂಟು ಅವರುಂಟು, ನಾ ಚಾ ಕುಡದು ಬರ್ತೀನಿ.

ದೂರದ ಬೆಟ್ಟ:

ಸಂಪಿಗೆ ಮೇಡಂ, ದಿನಾಂಕದ ವಿಷಯದಲ್ಲಿ ಸೋತೆ. ‘ಗೊತ್ತಿದ್ದೂ ಬಿಟ್ಟ’ ಅಂತ ನಾನು ಬರೆದಿಲ್ಲ, ಆದರೆ ಓದಿದವರಿಗೆ ಹಾಗೇ ಅನ್ನಿಸುವಂತೆ ಬರೆದಿದ್ದೇನೆ. ತಪ್ಪು ನನ್ನದೇ.

ಆದರೆ ನೀವೇ ಎತ್ತಿದ ಜ್ವಾನೆಂಗ್ ವಿಷಯದಲ್ಲೇ ನನ್ನ ವಾದ ಇನ್ನೂ ಗಟ್ಟಿಯಾಗುತ್ತೆ. ನಕ್ಷೆ ನೋಡಿ. ಒರಾಪಾ ಬಾಂಗ್ವಾಟೊಗಳದು. ಜ್ವಾನೆಂಗ್ ಇರುವುದು ದಕ್ಷಿಣದಲ್ಲಿ, ಬಾಂಗ್ವಾಕೆತ್ಸೆಗಳ ನೆಲದಲ್ಲಿ, ಮಸೀರೆಯವರ ಮಂದಿಯ ನೆಲದಲ್ಲಿ. ಬೆಲೆಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಶ್ರೀಮಂತ ವಜ್ರದ ಗಣಿ ಅಂತ ಹೆಸರಾದದ್ದು ಅದು. ಅಲ್ಲಿ ಗೆದ್ದಲು ನೀರಿಗಾಗಿ ಆಳಕ್ಕೆ ಕೊರೆದು ಮೇಲೆ ತಂದ ಮಣ್ಣಿನ ಕಣಗಳಿಂದ ಗಣಿಯ ಸುಳಿವು ಸಿಕ್ಕಿತು ಅಂತ ಅಲ್ಲಿ ಪ್ರತಿಯೊಬ್ಬರೂ ಹೇಳ್ತಾರೆ. ನಮ್ಮ ಹುತ್ತಕ್ಕೆ ಹಾಲೆರೆಯುವ ಪದ್ಧತಿ ಹೇಳಿದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದವರು ತಲೆದೂಗಿದರು, ‘ನೀವೇ ಜಾಣರು’ ಅಂತ.

1967ರಲ್ಲಿ ಆ ಕಾಯಿದೆ ಆಗಿರದಿದ್ದರೆ ಏನಾಗುತ್ತಿತ್ತು? ಮೊದಲ ಹತ್ತು ವರ್ಷ ಉತ್ತರದವರು ಕೋಟ್ಯಧಿಪತಿಗಳು, ದಕ್ಷಿಣದವರು ಭಿಕಾರಿಗಳು. ಆಮೇಲೆ ಜ್ವಾನೆಂಗ್ ಸಿಕ್ಕಿ ದಕ್ಷಿಣದವರು ಇನ್ನೂ ದೊಡ್ಡ ಕೋಟ್ಯಧಿಪತಿಗಳು, ಆಗ ಉತ್ತರದವರ ಕಣ್ಣು ಕೆಂಪು. ಕಲ್ಲು ಬರುವುದಕ್ಕೆ ಮೊದಲೇ ಕಾನೂನು ಬಂತಲ್ಲ, ಅದೇ ನನಗೆ ದೊಡ್ಡದಾಗಿ ಕಾಣುವುದು. ಗೊತ್ತಾಗುವ ಮೊದಲು ಬಿಡುವುದು ಸುಲಭ ಅಂದಿರಿ. ಒಪ್ಪಿದೆ. ಆ ಸುಲಭದ ಗಳಿಗೆ ಎಷ್ಟೋ ದೇಶಗಳಿಗೆ ಬಂದು ಹೋಯಿತು, ಹಿಡಿದವರು ಎಷ್ಟು ಮಂದಿ?

ಇದು ಪುಕ್ಕಟೆಯಾಗಿಯೂ ಆಗಲಿಲ್ಲ. ಬಾಂಗ್ವಾಕೆತ್ಸೆಗಳ ಅರಸು ಬಾತೊಯೆನ್‌ಗೆ ಅರಸರ ಅಧಿಕಾರವನ್ನೆಲ್ಲ ಒಂದೊಂದಾಗಿ ಕಿತ್ತುಕೊಳ್ಳುವುದು ಸಹಿಸಲಿಲ್ಲ. ಖನಿಜ ಹೋಯಿತು, ನೆಲ ಹಂಚುವ ಹಕ್ಕನ್ನೂ 1968ರ ಕಾಯಿದೆ ಭೂಮಂಡಳಿಗಳಿಗೆ ಕೊಟ್ಟಿತು. ಆತ ಗದ್ದುಗೆ ಬಿಟ್ಟು ವಿರೋಧ ಪಕ್ಷ ಸೇರಿ 1969ರ ಚುನಾವಣೆಗೆ ನಿಂತ. ಎದುರಾಳಿ ಯಾರು? ನಿಮ್ಮ ಮಸೀರೆ. ಉಪಾಧ್ಯಕ್ಷರೇ ಸೋತರು! ಆಮೇಲೆ ವಿಶೇಷ ಸದಸ್ಯರಾಗಿ ಪಾರ್ಲಿಮೆಂಟಿಗೆ ತಂದು ಕೂರಿಸಬೇಕಾಯಿತು.

ಟ್ಯಾಂಪಿನೀಸ್ ತಿಮ್ಮ:

ಇದು ಗೊತ್ತಿರಲಿಲ್ಲ. ಅಧಿಕಾರದಲ್ಲಿರೋ ಉಪಾಧ್ಯಕ್ಷ ಸೋತರೂ ಆ ಬಾತೊಯೆನ್‌ನನ್ನು ಒಳಗೆ ಹಾಕಲಿಲ್ಲವಾ? ನಮ್ಮ ಲೀ ಬಗ್ಗೆ ನಾನೇ ಹೇಳ್ತೀನಿ, 1963ರ ಫೆಬ್ರವರಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ಹಿಡಿಸಿದರು. ಚಿಯಾ ಥೈ ಪೋ ಅಂತ ಒಬ್ಬ ಸಂಸದರನ್ನು 1966ರಲ್ಲಿ ಹಿಡಿದು ವಿಚಾರಣೆಯೇ ಇಲ್ಲದೆ 23 ವರ್ಷ ಇಟ್ಟರು. ಇಲ್ಲಿ ಇದನ್ನು ಊಟದ ಹೊತ್ತಿನಲ್ಲಿ ಯಾರೂ ಮಾತಾಡಲ್ಲ.

ದೂರದ ಬೆಟ್ಟ:

ಹಾಕಲಿಲ್ಲ. ಬಾತೊಯೆನ್ ಹದಿನಾರು ವರ್ಷ ಎದುರಿನ ಬೆಂಚಿನಲ್ಲಿ ಕೂತ.

ಸಂಶಯದ ಸಂಪಿಗೆ:

ಜ್ವಾನೆಂಗ್ ವಾದ ಒಪ್ಪುವಂಥದ್ದು, ಯೋಚಿಸುತ್ತೇನೆ. ಸುಮ್ಮನೆ ವಿರೋಧಿಸಬಾರದಲ್ಲ, ನಿಮ್ಮ ಪರವಾಗಿ ನಾನೇ ಒಂದು ಸಾಕ್ಷಿ ಕೊಡುತ್ತೇನೆ. ಬ್ರಿಟಿಷರು ಆ ಭಾಗದಲ್ಲಿ ಮೂರು ನಾಡುಗಳನ್ನು ಒಂದೇ ಕಚೇರಿಯ ಅಡಿ ಇಟ್ಟಿದ್ದರು: ಬೆಚುವಾನಾಲ್ಯಾಂಡ್ (ಇಂದಿನ ಬೋಟ್ಸ್ವಾನಾ), ಬಸುತೊಲ್ಯಾಂಡ್ (ಇಂದಿನ ಲೆಸೊಥೊ), ಸ್ವಾಜಿಲ್ಯಾಂಡ್. ಮೂರೂ ಒಂದೇ ಸುಂಕದ ಒಕ್ಕೂಟದಲ್ಲಿ, ಮೂರಕ್ಕೂ ದಕ್ಷಿಣ ಆಫ್ರಿಕಾವೇ ದೊಡ್ಡಣ್ಣ, ಮೂರಕ್ಕೂ ಎರಡು ವರ್ಷದೊಳಗೆ ಸ್ವಾತಂತ್ರ್ಯ. ಲೆಸೊಥೊದಲ್ಲಿ 1970ರ ಚುನಾವಣೆ ಸೋಲುತ್ತಿದ್ದ ಪ್ರಧಾನಿ ಎಣಿಕೆಯನ್ನೇ ರದ್ದು ಮಾಡಿದರು. ಸ್ವಾಜಿಲ್ಯಾಂಡಿನ ದೊರೆ 1973ರಲ್ಲಿ ಸಂವಿಧಾನವನ್ನೇ ಮಡಚಿಟ್ಟರು. ಮೂರನೆಯದು ಮಾತ್ರ ಬೇರೆ ದಾರಿ ಹಿಡಿಯಿತು. ಇದನ್ನು ವಜ್ರವೊಂದರಿಂದಲೇ ವಿವರಿಸಲಾಗದು, ಏಕೆಂದರೆ 1970ರಲ್ಲಿ ಒರಾಪಾ ಇನ್ನೂ ಒಂದು ಕಲ್ಲನ್ನೂ ಮಾರಿರಲಿಲ್ಲ.

ಆದರೆ ಇದನ್ನು ಖಾಮಾ ಎಂಬ ಒಬ್ಬನ ಖಾತೆಗೆ ಬರೆಯಬೇಕೋ, ಖೋತ್ಲಾದಂಥ ಹಳೆಯ ಪದ್ಧತಿಯ ಖಾತೆಗೋ ಎಂಬಲ್ಲಿ ನನ್ನ ಜಗಳ ಮುಂದುವರಿಯುತ್ತದೆ. ಖೋತ್ಲಾ ಲೆಸೊಥೊದಲ್ಲೂ ಇತ್ತು ಎಂದು ನೀವು ಹೇಳುತ್ತೀರಿ, ಗೊತ್ತು.

ಕುಡ್ಲದ ಮೀನು:

ಎಂತ ಮಾರಾಯ್ರೆ, ಎಲ್ಲರೂ ಅರಸು, ಗದ್ದುಗೆ ಅಂತ ಹೇಳ್ತಾ ಇದ್ದೀರಿ. ವಜ್ರ ತೆಗೆದದ್ದು ಡಿ ಬೀರ್ಸ್ ಅಲ್ವಾ? ನಮ್ಮದು ಚಿನ್ನದ ಅಂಗಡಿ, ಅಜ್ಜನ ಕಾಲದ್ದು. ಆ ಕಂಪನಿ ಕೈಯಲ್ಲಿ ಸಿಕ್ಕಿದ್ರೆ ಸರ್ಕಾರಕ್ಕೆ ಚಿಲ್ಲರೆ ಬಿಟ್ಟು ಬೇರೆಂತ ಸಿಗ್ತದೆ ಅಂತ ನಾನು ಗ್ರಹಿಸಿದ್ದೆ.

ದೂರದ ಬೆಟ್ಟ:

ಮೀನು ಅವರೇ, ನನ್ನ ಕಸುಬಿನ ವಿಷಯಕ್ಕೆ ಬಂದಿರಿ. ಶುರುವಿನಲ್ಲಿ ಹಾಗೇ ಇತ್ತು. 1969ರಲ್ಲಿ ಕಂಪನಿ ಕಟ್ಟಿದಾಗ ಸರ್ಕಾರದ ಪಾಲು ನೂರಕ್ಕೆ 15. ಗಣಿ ಎಷ್ಟು ದೊಡ್ಡದು ಅಂತ ತಿಳಿದ ಮೇಲೆ ಮತ್ತೆ ಮಾತುಕತೆಗೆ ಕೂತರು. 1975ರ ಹೊತ್ತಿಗೆ ಅದು ಅರ್ಧಕ್ಕರ್ಧ. ತೆರಿಗೆ, ರಾಜಧನ, ಲಾಭಾಂಶ ಎಲ್ಲ ಸೇರಿಸಿದರೆ ಲಾಭದಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಸರ್ಕಾರಕ್ಕೆ ಬರುತ್ತೆ ಅನ್ನೋದು ಅಲ್ಲಿ ಎಲ್ಲರೂ ಹೇಳುವ ಲೆಕ್ಕ. ಪೂರ್ತಿ ಕಿತ್ತುಕೊಂಡು ರಾಷ್ಟ್ರೀಕರಣ ಅಂತ ಕೂಗಲಿಲ್ಲ. ಬಿಟ್ಟೂ ಕೊಡಲಿಲ್ಲ. ಆ ಮೇಜಿನ ಮುಂದೆ ಸರ್ಕಾರದ ಪರವಾಗಿ ಕೂರಲು ಹೊರಗಿನ ತಜ್ಞರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಆಫ್ರಿಕಾದ ಬೇರೆ ಹೊಸ ದೇಶಗಳು ಬಿಳಿ ಅಧಿಕಾರಿಗಳನ್ನು ರಾತ್ರೋರಾತ್ರಿ ಕಳಿಸಿದಾಗ ಖಾಮಾ, ನಮ್ಮ ಹುಡುಗರು ಕಲಿಯುವವರೆಗೆ ಇರಲಿ ಅಂದ. ಬೈಗುಳ ತಿಂದ. 22 ಪದವೀಧರರನ್ನು ಇಟ್ಟುಕೊಂಡು ಡಿ ಬೀರ್ಸಿನ ವಕೀಲರ ಎದುರು ಕೂರಲು ಆಗುತ್ತಿತ್ತೇ, ನೀವೇ ಹೇಳಿ.

ಅದಕ್ಕಿಂತ ಮುಂಚಿನದು ಇನ್ನೊಂದಿದೆ, ಯಾರೂ ಹೇಳೋದಿಲ್ಲ. ಸುಂಕದ ಪಾಲು. 1910ರ ಒಪ್ಪಂದದ ಪ್ರಕಾರ ಒಕ್ಕೂಟದ ಸುಂಕದಲ್ಲಿ ಈ ಮೂರು ಬಡ ನಾಡುಗಳಿಗೆ ಸಿಗುತ್ತಿದ್ದದ್ದು ತೀರಾ ಅಲ್ಪ. 1969ರಲ್ಲಿ ಅದನ್ನು ತಿದ್ದಿಸಿಕೊಂಡರು. ವಜ್ರದ ದುಡ್ಡು ಕೈಗೆ ಬರುವ ಮೊದಲೇ ಬ್ರಿಟನ್ನಿನ ಮುಂದೆ ಕೈಚಾಚುವುದು ತಪ್ಪಿದ್ದರಲ್ಲಿ ಈ ಸುಂಕದ ಪಾಲು ದೊಡ್ಡದು. ಇದರಲ್ಲಿ ರಾಜಕುಮಾರನೂ ಇಲ್ಲ, ಬಿಳಿ ರಾಣಿಯೂ ಇಲ್ಲ, ಬರೀ ಅಂಕಿ. ಅದಕ್ಕೇ ಯಾರೂ ಹೇಳೋದಿಲ್ಲ.

ಬಯಲುಸೀಮೆ ಬಸ್ಯಾ:

ಚಾ ಕುಡದು ಬಂದೆ. ನಮ್ಮಂಥಾ ಬರಗೆಟ್ಟ ಸೀಮಿ ಅಂದ್ರಲ್ಲ, ಮಳಿ ಬಗ್ಗೆ ಏನರ ಹೇಳ್ರಿ.

ದೂರದ ಬೆಟ್ಟ:

ಮಳೆ ಬಗ್ಗೆ ಕೇಳಿದ್ದು ಒಳ್ಳೇದಾಯಿತು. ಅವರ ದುಡ್ಡಿನ ಹೆಸರೇ ಮಳೆ. ‘ಪುಲಾ’ ಅಂದರೆ ಸೆತ್ಸ್ವಾನಾದಲ್ಲಿ ಮಳೆ. ಭಾಷಣ ಮುಗಿದರೆ ‘ಪುಲಾ!’ ಅಂತಾರೆ, ಮದುವೆಯಲ್ಲೂ ‘ಪುಲಾ!’. 1976ರವರೆಗೆ ಅಲ್ಲಿ ನಡೆಯುತ್ತಿದ್ದದ್ದು ದಕ್ಷಿಣ ಆಫ್ರಿಕಾದ ರ‍್ಯಾಂಡ್. ಆ ವರ್ಷ ಆಗಸ್ಟ್ 23ಕ್ಕೆ ಸ್ವಂತ ನಾಣ್ಯ ತಂದರು. ನೂರು ‘ಥೆಬೆ’ಗೆ ಒಂದು ಪುಲಾ. ಥೆಬೆ ಅಂದರೆ ಗುರಾಣಿ.

ಅದೇ ವರ್ಷದ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲು ಮೂರು ದೇಶಕ್ಕೂ ಸೇರಿ ಒಂದೇ ವಿಶ್ವವಿದ್ಯಾಲಯ ಇತ್ತು, ಅದರ ಮುಖ್ಯ ಆವರಣ ಲೆಸೊಥೊದಲ್ಲಿ. 1975ರಲ್ಲಿ ಲೆಸೊಥೊ ಸರ್ಕಾರ ಅದು ನಮ್ಮದು ಅಂತ ತೆಗೆದುಕೊಂಡುಬಿಟ್ಟಿತು. ಬೋಟ್ಸ್ವಾನಾದ ಮಕ್ಕಳಿಗೆ ಕಾಲೇಜಿಲ್ಲ. ಖಾಮಾ ಹಳ್ಳಿಹಳ್ಳಿಯ ಖೋತ್ಲಾಗಳಲ್ಲಿ ನಿಂತು ‘ಮೊತೊ ಲೆ ಮೊತೊ ಖೊಮೊ’ ಅಂದ. ತಲೆಗೊಂದು ದನ. ಇದ್ದವರು ದನ ಕೊಟ್ಟರು, ಇಲ್ಲದವರು ಕೋಳಿ, ಮೊಟ್ಟೆ, ಕಾಳು, ಕೈಲಾದಷ್ಟು ಕಾಸು. ಇವತ್ತೂ ಗ್ಯಾಬೊರೋನಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಬ್ಬ ಮನುಷ್ಯ ದನ ಹೊಡೆದುಕೊಂಡು ಬರುತ್ತಿರುವ ಪ್ರತಿಮೆ ಇದೆ. ಅಲ್ಲಿ ಮಕ್ಕಳು ಪದವಿಯ ನಿಲುವಂಗಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ.

ಬಯಲುಸೀಮೆ ಬಸ್ಯಾ:

ದನಾ ಕೊಟ್ಟು ಕಾಲೇಜು ಕಟ್ಟಿದ್ರು! ನಮ್ಮಪ್ಪ ಕಾಲೇಜಿಗೆ ಕಟ್ಟಾಕ ದನಾ ಮಾರಿದ್ದ, ಎರಡೂ ಒಂದ ಆತು ಬಿಡ್ರಿ.

ಸಂಶಯದ ಸಂಪಿಗೆ:

ದನದ ಮಾತು ಬಂದಿದ್ದರಿಂದ ಹೇಳಲೇಬೇಕು. ಆ ದೇಶದಲ್ಲಿ ದನ ಎಂದರೆ ಅಧಿಕಾರ. ಖಾಮಾ, ಮಸೀರೆ, ಅವರ ಸಂಪುಟದ ಹೆಚ್ಚಿನವರು ದೊಡ್ಡ ದನಗಾರರು. 1975ರಲ್ಲಿ ಖಾಮಾ ಸರ್ಕಾರವೇ ಒಂದು ಗೋಮಾಳ ನೀತಿ ತಂದಿತು. ಊರೊಟ್ಟಿನ ಮೇವಿನ ನೆಲವನ್ನು ತುಂಡು ಮಾಡಿ, ಬೇಲಿ ಹಾಕಿ, ಗುತ್ತಿಗೆಗೆ ಕೊಡುವುದು. ಯಾರಿಗೆ? ಬೋರ್‌ವೆಲ್ ಕೊರೆಸುವಷ್ಟು ದುಡ್ಡಿದ್ದವರಿಗೆ. ನೆಲ ಖಾಲಿ ಇದೆ ಎಂದು ಬರೆದುಕೊಂಡರು. ಅಲ್ಲಿ ಬಸಾರ್ವಾ ಜನ ಸಾವಿರಾರು ವರ್ಷದಿಂದ ಬೇಟೆಯಾಡಿಕೊಂಡಿದ್ದರು. ಅವರ ಹತ್ತಿರ ದನವಿಲ್ಲ, ಆದ್ದರಿಂದ ಅವರು ಲೆಕ್ಕಕ್ಕಿಲ್ಲ. ನಂತರದ ಸರ್ಕಾರಗಳು 1997ರಲ್ಲಿ, 2002ರಲ್ಲಿ ಅವರನ್ನು ಮಧ್ಯ ಕಲಹಾರಿಯ ಅಭಯಾರಣ್ಯದಿಂದ ಎಬ್ಬಿಸಿದವು. 2006ರಲ್ಲಿ ಅಲ್ಲಿನ ಹೈಕೋರ್ಟೇ ಅದು ಅಕ್ರಮ ಎಂದಿತು. ಖನಿಜವನ್ನು ಎಲ್ಲರದ್ದಾಗಿಸಿದ ಅದೇ ಕೈ ಮೇವಿನ ನೆಲವನ್ನು ಕೆಲವರದ್ದಾಗಿಸಿತು. ಇವತ್ತು ಬೋಟ್ಸ್ವಾನಾ ಜಗತ್ತಿನ ಅತಿ ಅಸಮಾನ ದೇಶಗಳ ಸಾಲಿನಲ್ಲಿದೆ ಎಂದರೆ ಅದರ ಬೇರು ಬರೀ ವಜ್ರದಲ್ಲಿಲ್ಲ.

ದೂರದ ಬೆಟ್ಟ:

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ಮೇಡಂ. ನನ್ನ ಆಫೀಸಿನಲ್ಲಿ ಹನ್ನೊಂದು ವರ್ಷದಲ್ಲಿ ಒಬ್ಬ ಬಸಾರ್ವಾ ಗುಮಾಸ್ತನನ್ನೂ ನಾನು ನೋಡಲಿಲ್ಲ. ಕಾವಲುಗಾರನನ್ನು ನೋಡಿದೆ.

ಟ್ಯಾಂಪಿನೀಸ್ ತಿಮ್ಮ:

ಮಗ ಕೂಡ ಅಧ್ಯಕ್ಷನಾದನಲ್ಲ? ಅಲ್ಲಿಗೆ ಎಲ್ಲಾ ಒಂದೇ. ನಮ್ಮಲ್ಲೂ 2004ರಿಂದ 2024ರವರೆಗೆ ಮಗನೇ.

ದೂರದ ಬೆಟ್ಟ:

ಇಯಾನ್ ಖಾಮಾ, 2008ರಿಂದ 2018. ಸೈನ್ಯದಿಂದ ಬಂದವನು. (ಅಪ್ಪ 1977ರವರೆಗೆ ಸೈನ್ಯವನ್ನೇ ಕಟ್ಟಿರಲಿಲ್ಲ. ಸುತ್ತ ಬಿಳಿಯರ ಸರ್ಕಾರಗಳು, ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಸೈನಿಕರು ಗಡಿ ದಾಟಿ ಬರುತ್ತಿದ್ದರೂ ಪೊಲೀಸರಲ್ಲೇ ಸುಧಾರಿಸಿದ. ಬಂದೂಕಿಗೆ ಹಾಕುವ ದುಡ್ಡು ಬಾವಿಗೆ ಹಾಕೋಣ ಅನ್ನುವ ಧೋರಣೆ.) ಮಗ ಆಮೇಲೆ ತಾನೇ ಕೂರಿಸಿದ ಉತ್ತರಾಧಿಕಾರಿ ಮಸೀಸಿ ಜೊತೆ ಜಗಳವಾಡಿ ಅಪ್ಪ ಕಟ್ಟಿದ ಪಕ್ಷವನ್ನೇ ಬಿಟ್ಟ, ದೇಶ ಬಿಟ್ಟು ಕೂತ. 2024ರ ಅಕ್ಟೋಬರ್ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 4 ಸೀಟು. ಐವತ್ತೆಂಟು ವರ್ಷದ ಆಳ್ವಿಕೆ ಒಂದು ರಾತ್ರಿಯಲ್ಲಿ ಮುಗಿಯಿತು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮಸೀಸಿ ಸೋಲು ಒಪ್ಪಿಕೊಂಡ. ಡೂಮಾ ಬೋಕೊ ಅಧ್ಯಕ್ಷನಾದ. ಒಂದು ಕಲ್ಲು ಬೀಳಲಿಲ್ಲ.

ಸೋತದ್ದು ಯಾಕೆ ಅಂದರೆ, ವಜ್ರ ಮಾರಾಟ ಬಿದ್ದುಹೋಗಿತ್ತು, ಹುಡುಗರಿಗೆ ಕೆಲಸ ಇರಲಿಲ್ಲ.

ಕುಡ್ಲದ ಮೀನು:

ಬೀಳದೆ ಎಂತ ಮಾಡ್ತದೆ. ಈಗ ನಮ್ಮ ಅಂಗಡಿಗೆ ಬರುವ ಹುಡುಗಿಯರು ಕೇಳುವುದೇ ಲ್ಯಾಬ್ ವಜ್ರ. ಕಣ್ಣಿಗೆ ಒಂದೇ ರೀತಿ ಕಾಣ್ತದೆ, ಬೆಲೆಯಲ್ಲಿ ಅಜಗಜಾಂತರ ಉಂಟು. ಅದೂ ಸೂರತ್ತಿನಲ್ಲೇ ಬೆಳೆಸ್ತಾರೆ. ಅಂದ್ರೆ ಕಲಹಾರಿಯ ಕಲ್ಲಿಗೆ ಹೊಳಪು ಕೊಡ್ತಿದ್ದ ಊರೇ ಈಗ ಅದಕ್ಕೆ ಪ್ರತಿಸ್ಪರ್ಧಿ. ನಾನು ಮಾರ್ತೇನೆ, ಸುಳ್ಳು ಯಾಕೆ ಹೇಳುವುದು.

ಚಾಂಪಿಯನ್ ರೀಫ್ ಹುಡುಗ:

ಎರಡು ದಿನದಿಂದ ಓದ್ತಾ ಇದೀನಿ, ಬರೆಯೋದೋ ಬೇಡವೋ ಅಂತ. ನಾನು ಕೆಜಿಎಫ್‌ನವನು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಾಗ ಒಂಬತ್ತನೇ ಕ್ಲಾಸು. ನೂರ ಇಪ್ಪತ್ತು ವರ್ಷ ಚಿನ್ನ ತೆಗೆದ ಊರು. ನಮ್ಮೂರಿಗಾಗಿ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು ಅಂತ ಎಲ್ಲಾ ಪುಸ್ತಕದಲ್ಲೂ ಇದೆ. ಈಗ ಬೆಳಗ್ಗೆ ರೈಲಿನಲ್ಲಿ ಅರ್ಧ ಊರು ಬೆಂಗಳೂರಿಗೆ ಕೂಲಿಗೆ ಹೋಗುತ್ತೆ, ರಾತ್ರಿ ಬರುತ್ತೆ.

ನಂಗೆ ಖಾಮಾ ದೊಡ್ಡವನಾ ಮಸೀರೆ ದೊಡ್ಡವನಾ ಅನ್ನೋದು ಬೇಡ ಸರ್. ಅಲ್ಲಿ ಗಣಿ ಮುಚ್ಚಿದ ಊರು ಯಾವುದಾದರೂ ಇದೆಯಾ? ಅಲ್ಲಿ ಏನು ಮಾಡಿದರು?

ದೂರದ ಬೆಟ್ಟ:

ಇದೆ ತಮ್ಮಾ. ಸೆಲೆಬಿ-ಫಿಕ್ವೆ. ತಾಮ್ರ, ನಿಕಲ್. ಅದೂ ಬಾಂಗ್ವಾಟೊ ನೆಲದ್ದೇ. 1967ರಲ್ಲಿ ಖನಿಜದ ಹಕ್ಕು ಬರೆದುಕೊಡುವಾಗ ಬಾಂಗ್ವಾಟೊಗಳ ಕಣ್ಣಿದ್ದದ್ದು ವಜ್ರಕ್ಕಿಂತ ಅದರ ಮೇಲೆ. ಖಾಮಾ ಕಾಲದಲ್ಲಿ ಕಾಡು ಕಡಿದು ಊರು, ರೈಲು, ವಿದ್ಯುತ್ ಸ್ಥಾವರ ಎಲ್ಲ ಕಟ್ಟಿದರು. ಆ ಗಣಿ ಲಾಭಕ್ಕಿಂತ ನಷ್ಟ ಕಂಡದ್ದೇ ಜಾಸ್ತಿ. ಊರು ಬದುಕಲಿ ಅಂತ ಸರ್ಕಾರ ವಜ್ರದ ದುಡ್ಡು ಸುರಿಯುತ್ತಾ ಹೋಯಿತು. 2016ರ ಅಕ್ಟೋಬರಿನಲ್ಲಿ ಮುಚ್ಚಿತು. ಐದು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು.

ಮುಚ್ಚಿದ ಮುಂದಿನ ವರ್ಷ ಲೆಕ್ಕದ ಕೆಲಸಕ್ಕೆ ನಾನು ಅಲ್ಲಿ ಮೂರು ವಾರ ಇದ್ದೆ. ಮನೆಗಳು ಗಟ್ಟಿ, ರಸ್ತೆ ಚೆನ್ನಾಗಿದೆ, ಆಸ್ಪತ್ರೆ ನಡೀತಿತ್ತು, ಶಾಲೆ ನಡೀತಿತ್ತು. ಏಡ್ಸ್ ಹೊಡೆತಕ್ಕೆ ಆ ಊರು ತುಂಬ ಸಿಕ್ಕಿತ್ತು, ಔಷಧ 2002ರಿಂದ ಸರ್ಕಾರವೇ ಪುಕ್ಕಟೆ ಕೊಡುತ್ತೆ, ಅದೂ ನಿಂತಿರಲಿಲ್ಲ. ಕುಲುಮೆಯ ಚಿಮಣಿಯಲ್ಲಿ ಮಾತ್ರ ಹೊಗೆ ಇಲ್ಲ. ಲಾಡ್ಜಿನವಳು ಹೇಳಿದಳು, ಮೊದಲು ಆ ಗಂಧಕದ ವಾಸನೆಗೆ ಶಾಪ ಹಾಕುತ್ತಿದ್ದೆವು, ಈಗ ಬೆಳಗ್ಗೆ ಎದ್ದು ಮೂಗು ಅದನ್ನೇ ಹುಡುಕುತ್ತೆ ಅಂತ.

ಈಗ ಕೆನಡಾದ ಒಂದು ಕಂಪನಿ ಗಣಿಯ ಒಂದು ಭಾಗ ಕೊಂಡು ಮತ್ತೆ ಕೊರೆದು ನೋಡುತ್ತಿದೆ.

ಚಾಂಪಿಯನ್ ರೀಫ್ ಹುಡುಗ:

ನಮ್ಮಲ್ಲೂ ಸೈನೈಡ್ ದಿಬ್ಬದಲ್ಲಿ ಉಳಿದಿರೋ ಚಿನ್ನ ತೆಗೀತೀವಿ ಅಂತ ಮಾತಿದೆ ಸರ್. ಗಾಳಿ ಬೀಸಿದರೆ ಆ ದಿಬ್ಬದ ಬೂದಿ ಈಗಲೂ ಮನೆಯೊಳಗೆ ಬರುತ್ತೆ. ಅಮ್ಮ ದಿನಾ ಎರಡು ಸಲ ಒರೆಸ್ತಾರೆ. ಅದರಲ್ಲೂ ಚೂರು ಚಿನ್ನ ಇರಬಹುದು ಕಣೋ, ಬಟ್ಟೆ ಒದರೋ ಮುಂಚೆ ನೋಡು ಅಂತಾರೆ.